ಮೂರನೇ ಪುಟದ ಒಂದು ಸಾಲು

ಹೋದ ವಾರ ನಮ್ಮ ಸೇಲ್ಸ್ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದಳು. ನಮ್ಮ ಸಾಫ್ಟ್‌ವೇರ್ ಎಷ್ಟು ಸುರಕ್ಷಿತ ಅಂತ ಕೇಳಿ ಒಂದು ಸಹಕಾರಿ ಬ್ಯಾಂಕು ಕಳಿಸಿದ ಎಕ್ಸೆಲ್ ಶೀಟು ತೆರೆದಿತ್ತು. ಇನ್ನೂರಕ್ಕೂ ಜಾಸ್ತಿ ಸಾಲುಗಳು. ಎಡಗಡೆ ಪ್ರಶ್ನೆ, ನಡುವೆ ‘ಹೌದು / ಇಲ್ಲ’, ಬಲಗಡೆ ‘ಪುರಾವೆ’. “ಸರ್, ಇದನ್ನ ಟೆಕ್ ಟೀಮಿಗೆ ಕಳಿಸಿಬಿಡ್ಲಾ? ಹೋದ ಸಲದ ಶೀಟಿಂದ ಕಾಪಿ ಮಾಡಿ ತುಂಬಿ ಕೊಡ್ತಾರಂತೆ” ಅಂದಳು. ಅವಳ ತಪ್ಪೇನಿಲ್ಲ. ಅವಳಿಗೆ ಯಾರೋ ಹಾಗೆ ಹೇಳಿಕೊಟ್ಟಿದ್ದಾರೆ. ಆದರೆ ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ವರ್ಷಗಟ್ಟಲೆ ನಾನೂ ಹಾಗೇ ಮಾಡಿದವನು. ಸೆಕ್ಯೂರಿಟಿ ಅಂದರೆ ಎಂಜಿನಿಯರುಗಳ ಕೆಲಸ, ನಮ್ಮದು ಪರಿಚಯ ಬೆಳೆಸೋದು, ಡೆಮೊ ತೋರಿಸೋದು, ರೇಟು ಮಾತಾಡೋದು ಅಂತ ನಂಬಿದ್ದೆ. ಆ ನಂಬಿಕೆ ಹುಬ್ಬಳ್ಳಿ ಕಡೆಯ ಒಂದು ಬ್ಯಾಂಕಿನಲ್ಲಿ ಒಂದೇ ಮಧ್ಯಾಹ್ನಕ್ಕೆ ಮುರಿದುಬಿತ್ತು. ಅವಳಿಗೆ ಅದನ್ನು ಹೇಳೋಣ ಅಂತ ಕೂತೆ. ಅರ್ಧಕ್ಕೇ ಮೀಟಿಂಗಿಗೆ ಕರೆ ಬಂತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಆ ಮಧ್ಯಾಹ್ನ

2019ರ ಬೇಸಿಗೆ. ಸಾಲದ ಅರ್ಜಿಯಿಂದ ಹಿಡಿದು ಕೊನೆಯ ಕಂತು ತೀರುವ ತನಕ ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಗ್ರಾಹಕರಿಗೆ ಮೊಬೈಲ್ ಆ್ಯಪ್, ಬ್ಯಾಂಕಿನವರಿಗೆ ವೆಬ್ ಪೋರ್ಟಲ್. ಡೆಮೊ ಚೆನ್ನಾಗಿ ಆಯಿತು. ನಿರ್ದೇಶಕರು ಇಬ್ಬರು ಬಂದಿದ್ದರು. ಆ್ಯಪ್ ಪೂರ್ತಿ ಕನ್ನಡದಲ್ಲಿ ಓಡೋದು ನೋಡಿ ಖುಷಿಪಟ್ಟರು. ಗಿರಮಿಟ್ಟು, ಮಿರ್ಚಿ, ಚಹಾ ಎಲ್ಲ ಆಯಿತು. ಅವರು ಎದ್ದುಹೋದ ಮೇಲೆ ಐಟಿ ವಿಭಾಗ ನೋಡಿಕೊಳ್ಳುವ ಮೇಡಂ ಒಬ್ಬರೇ ಉಳಿದರು. ಐವತ್ತು ದಾಟಿದವರು. ಲೆಡ್ಜರ್ ಬರೆಯುವ ಕ್ಲರ್ಕಾಗಿ ಸೇರಿ, ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ಅದರ ಜೊತೆಗೇ ಕಲಿಯುತ್ತಾ ಮೇಲೆ ಬಂದವರು. ಡೆಮೊ ನಡೆಯುವಾಗ ಒಂದು ಮಾತೂ ಆಡಿರಲಿಲ್ಲ. ನಾನು ತಂದಿದ್ದ ಫೈಲಿನಲ್ಲಿ ನಮ್ಮ ವಿಎಪಿಟಿ ರಿಪೋರ್ಟು ಇತ್ತು. ಹೊರಗಿನ ಆಡಿಟರ್ ಬಂದು ಎಲ್ಲೆಲ್ಲಿ ತೂತಿದೆ ಅಂತ ಹುಡುಕಿ ಬರೆದುಕೊಡುವ ವರದಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಆಡಿಟರ್ ಕೊಟ್ಟದ್ದು, ಸ್ಪೈರಲ್ ಬೈಂಡಿಂಗ್, ಮುಖಪುಟದಲ್ಲಿ ದೊಡ್ಡ ಮುದ್ರೆ. ಅದನ್ನು ಎಷ್ಟೋ ಕಡೆ ಕೊಟ್ಟಿದ್ದೆ. ಎಲ್ಲರೂ ಮುಖಪುಟ ನೋಡಿ ಪಕ್ಕಕ್ಕೆ ಇಡುತ್ತಿದ್ದರು.

ಮೇಡಂ ಮುಖಪುಟ ತಿರುವಿದರು. ಎರಡನೇ ಪುಟವನ್ನೂ ತಿರುವಿದರು. ಮೂರನೇ ಪುಟಕ್ಕೆ ನಿಂತು ‘ಸ್ಕೋಪ್’, ಅಂದರೆ ಏನೇನನ್ನು ಪರೀಕ್ಷಿಸಿದ್ದಾರೆ ಅಂತ ಹೇಳುವ ಒಂದು ಸಾಲಿನ ಮೇಲೆ ಬೆರಳಿಟ್ಟರು. “ಇದೇನ್ರಿ? ಸ್ಕೋಪ್ ಒಳಗ ಒಂದ ಯುಆರ್‌ಎಲ್ ಐತಿ. ಇದು ನಿಮ್ಮ ಕಂಪನಿ ವೆಬ್‌ಸೈಟ್ ಅಲ್ಲೇನ್ರಿ? ನೀವು ನಮಗ ಕೊಡಾಕ ಬಂದದ್ದು ಆ್ಯಪ್ ಅಲ್ಲಾ?” ನಾನು ಬಗ್ಗಿ ನೋಡಿದೆ. ಹೌದು. ಆಡಿಟರ್ ಪರೀಕ್ಷೆ ಮಾಡಿದ್ದು ನಮ್ಮ ಕಂಪನಿಯ ಪರಿಚಯ ಪುಟಗಳಿರುವ ವೆಬ್‌ಸೈಟನ್ನು. ಜನರ ಸಾಲದ ವಿವರ, ಆಧಾರ್ ಪ್ರತಿ, ಸಂಬಳದ ಚೀಟಿ ಎಲ್ಲ ಇರುವ ಆ್ಯಪನ್ನು ಯಾರೂ ಮುಟ್ಟಿರಲಿಲ್ಲ. ನಾನು ಸುಳ್ಳು ಹೇಳಬೇಕು ಅಂತ ಹೋದವನಲ್ಲ. ಆದರೆ ಓದದೆ ಕೊಟ್ಟ ಕಾಗದ ನನ್ನ ಪರವಾಗಿ ಸುಳ್ಳು ಹೇಳುತ್ತಿತ್ತು. “ಟೆಕ್ ಟೀಮಿಗೆ ಕೇಳಿ ಹೇಳ್ತೀನಿ ಮೇಡಂ” ಅಂದೆ. ಅವರು ಸಿಟ್ಟಾಗಲಿಲ್ಲ. “ಕೇಳ್ರಿ. ಆದ್ರ ನಮ್ಮ ಮುಂದ ಇಡೂಕಿಂತ ಮೊದಲು ನೀವು ಓದಬೇಕಿತ್ತು ನೋಡ್ರಿ” ಅಂತ ಮೆಲ್ಲಗೆ ಅಂದು ಫೈಲು ಮುಚ್ಚಿದರು. ಆ ರಾತ್ರಿ ಬಸ್ಸಿನಲ್ಲಿ ಮೊಬೈಲ್ ಬೆಳಕಿನಲ್ಲಿ ಆ ರಿಪೋರ್ಟನ್ನು ಮೊದಲ ಸಲ ಪೂರ್ತಿ ಓದಿದೆ. ಅರ್ಧ ಅರ್ಥವಾಗಲಿಲ್ಲ.

ಅವರ ಹೆದರಿಕೆ

ಅವರು ಯಾಕೆ ಅಷ್ಟು ಹುಷಾರಾಗಿದ್ದರು ಅಂತ ಆಮೇಲೆ ತಿಳಿಯಿತು. ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಗಿತ್ತು. ನಾವು ಎಟಿಎಂನಲ್ಲಿ ಕಾರ್ಡು ಹಾಕಿದಾಗ ಆ ಕೋರಿಕೆ ಸ್ವಿಚ್ ಅನ್ನುವ ಒಂದು ವ್ಯವಸ್ಥೆಯ ಮೂಲಕ ಬ್ಯಾಂಕಿನ ಮುಖ್ಯ ಲೆಕ್ಕಕ್ಕೆ ಹೋಗಬೇಕು, ಇವರ ಖಾತೆಯಲ್ಲಿ ದುಡ್ಡಿದೆಯಾ ಅಂತ ಕೇಳಬೇಕು. ಕಳ್ಳರು ನಡುವೆ ತಮ್ಮದೇ ಒಂದು ನಕಲಿ ಸ್ವಿಚ್ ಕೂರಿಸಿದರು. ಅದು ಬ್ಯಾಂಕಿನ ಲೆಕ್ಕವನ್ನು ಕೇಳದೆಯೇ ‘ಹೂಂ, ಕೊಡು’ ಅನ್ನುತ್ತಿತ್ತು. 28 ದೇಶಗಳ ಎಟಿಎಂಗಳಲ್ಲಿ ನಕಲಿ ಕಾರ್ಡುಗಳಿಂದ ದುಡ್ಡು ತೆಗೆದರು. ಎರಡು ದಿನ ಬಿಟ್ಟು, ಬೇರೆ ಬೇರೆ ದೇಶಗಳ ಬ್ಯಾಂಕುಗಳು ಹಣ ಕಳಿಸಲು ಬಳಸುವ ಸಂದೇಶ ಜಾಲ ಸ್ವಿಫ್ಟ್ ಮೂಲಕ ಹಾಂಗ್‌ಕಾಂಗ್‌ಗೂ ದುಡ್ಡು ಹೋಯಿತು. ಆ ಅಕ್ಟೋಬರ್‌ನಲ್ಲೇ ಆರ್‌ಬಿಐ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಅಂತಲೇ ಸೈಬರ್ ಭದ್ರತೆಯ ಮೂಲ ಚೌಕಟ್ಟನ್ನು ಹೊರಡಿಸಿತು.

ನಮ್ಮ ಕಡೆ ಸಹಕಾರಿ ಬ್ಯಾಂಕು ಅಂದರೆ ಸುಮ್ನೆ ಒಂದು ಬ್ಯಾಂಕಲ್ಲ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾದ ಕೃಷಿ ಸಹಕಾರ ಸಂಘದಿಂದ ಇಲ್ಲಿಯ ತನಕ ಅದು ಪರಿಚಯದವರ ಮೇಲಿನ ನಂಬಿಕೆಯಿಂದ ನಡೆದುಬಂದ ವಿಷಯ. ಠೇವಣಿ ಇಟ್ಟವರು ಮ್ಯಾನೇಜರನ್ನು ಸಂತೆಯಲ್ಲಿ, ಮದುವೆ ಮನೆಯಲ್ಲಿ ನೋಡುತ್ತಾರೆ. ಹೆಚ್ಚುಕಮ್ಮಿ ಆದರೆ ಕೇಳುವವರು ಮನೆ ಬಾಗಿಲಿಗೇ ಬರುತ್ತಾರೆ. ಬೆಂಗಳೂರಿನಿಂದ ಹೋಗಿ ಬರುವ ನಮಗೆ ಒಂದು ಡೀಲ್ ಹೋಗುತ್ತೆ ಅಷ್ಟೇ. ಅವರಿಗೆ ಊರಲ್ಲಿ ಮುಖ ಎತ್ತಿಕೊಂಡು ಓಡಾಡೋದು ಕಷ್ಟ ಆಗುತ್ತೆ. ಇದು ಗೊತ್ತಿಲ್ಲದೆ ಅವರಿಗೆ ಏನನ್ನಾದರೂ ಮಾರಲು ಹೋಗೋದೇ ತಪ್ಪು ಅಂತ ನನಗೆ ಈಗ ಅನಿಸುತ್ತೆ.

ಕೊನೆಯ ಅಂಕಿ

ಮರುದಿನ ಆಫೀಸಿಗೆ ಹೋದವನೇ ಸೆಕ್ಯೂರಿಟಿ ನೋಡುವ ನಮ್ಮ ಹುಡುಗನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಶಿವಮೊಗ್ಗದ ಕಡೆಯವನು, ಮಾತು ಕಡಿಮೆ. “ನನಗೆ ಕೋಡ್ ಬರಲ್ಲ. ಆದರೂ ಇದರಲ್ಲಿ ಏನು ತಪ್ಪಾಗಬಹುದು ಅಂತ ಒಂದೇ ಒಂದು ತೋರಿಸು” ಅಂದೆ. ಅವನು ಬರ್ಪ್ ಅನ್ನುವ ಒಂದು ಟೂಲ್ ತೆರೆದ. ಮೊಬೈಲ್‌ನಿಂದ ಸರ್ವರಿಗೆ ಹೋಗುವ ಪ್ರತಿ ಕೋರಿಕೆಯನ್ನೂ ಅದು ದಾರಿಯಲ್ಲಿ ಹಿಡಿದು ನಿಲ್ಲಿಸುತ್ತೆ. ಪರೀಕ್ಷೆಗೆ ಅಂತ ಮಾಡಿಟ್ಟ ಒಬ್ಬ ಗ್ರಾಹಕನ ಹೆಸರಲ್ಲಿ ಲಾಗಿನ್ ಆದ. ಒಟಿಪಿ ಬಂತು, ಹಾಕಿದ. ‘ನನ್ನ ಸಾಲದ ಸ್ಟೇಟ್‌ಮೆಂಟ್’ ಒತ್ತಿದ. ಪರದೆ ಮೇಲೆ ಆ ಕೋರಿಕೆ ಬಂದು ನಿಂತಿತು. ನಾಲ್ಕೈದು ಸಾಲು ಅಷ್ಟೇ. ಒಂದು ಸಾಲಿನ ಕೊನೆಗೆ ಸಾಲದ ನಂಬರ್ ಇತ್ತು, ಕೊನೆಯ ಅಂಕಿ 7. ಅವನು 7 ಅಳಿಸಿ 8 ಹಾಕಿ ಬಿಟ್ಟ. ಮೊಬೈಲ್ ಪರದೆ ಒಂದು ಕ್ಷಣ ಬೆಳ್ಳಗಾಯಿತು. ಆಮೇಲೆ ಸ್ಟೇಟ್‌ಮೆಂಟ್ ಬಂತು. ಬೇರೆ ಹೆಸರು. ಬೇರೆ ವಿಳಾಸ. ಅಡವಿಟ್ಟ ಚಿನ್ನ ಎಷ್ಟು ಗ್ರಾಂ, ಎರಡು ಕಂತು ಬಾಕಿ, ಎಲ್ಲ. ಪರೀಕ್ಷೆಗೆ ತುಂಬಿದ ಸುಳ್ಳು ಹೆಸರುಗಳೇ ಅವು. ಆದರೂ ನನ್ನ ಹೊಟ್ಟೆಯಲ್ಲಿ ಏನೋ ತಿರುಗಿದ ಹಾಗಾಯಿತು. ಇದೇ ಆ್ಯಪನ್ನೇ ನಾನು ಹಿಂದಿನ ದಿನ ತೋರಿಸಿ ಬಂದಿದ್ದು.

ಅವನು ಅದನ್ನು ವಿವರಿಸಿದ ರೀತಿ ಇವತ್ತಿಗೂ ಬೇರೆಯವರಿಗೆ ಹೇಳುತ್ತೇನೆ. “ಬ್ಯಾಂಕ್ ಲಾಕರ್ ರೂಮಿನ ಬಾಗಿಲಲ್ಲಿ ಗುರುತು ಕೇಳ್ತಾರೆ, ಸೈನ್ ಹಾಕಿಸ್ಕೊಳ್ತಾರೆ. ಒಳಗೆ ಹೋದ್ಮೇಲೆ ನೀವು ಯಾವ ಲಾಕರ್ ನಂಬರ್ ಹೇಳಿದ್ರೂ ತೆಗೆದು ಕೊಡ್ತಾರೆ ಅಂದ್ರೆ ಹೇಗಿರುತ್ತೆ? ನಮ್ಮ ಸರ್ವರ್ ಹಾಗಿದೆ ಸರ್. ನೀವು ಯಾರು ಅಂತ ಕೇಳತ್ತೆ. ಇದು ನಿಮ್ಮದಾ ಅಂತ ಕೇಳಲ್ಲ.” ಇದಕ್ಕೆ ಅವರ ಭಾಷೆಯಲ್ಲಿ ಆಕ್ಸೆಸ್ ಕಂಟ್ರೋಲ್ ತಪ್ಪು ಅಂತಾರೆ. ವೆಬ್ ಆ್ಯಪ್‌ಗಳ ದೊಡ್ಡ ಅಪಾಯಗಳ ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆ 2017ರಲ್ಲಿ ಇದನ್ನು ಐದನೇ ಜಾಗದಲ್ಲಿ ಇಟ್ಟಿತ್ತು, 2021ರಲ್ಲಿ ಮೊದಲನೇ ಜಾಗಕ್ಕೆ ತಂದಿತು. ಇದನ್ನು ಹುಡುಕೋಕೆ ದೊಡ್ಡ ಹ್ಯಾಕರ್ ಬೇಕಿಲ್ಲ. ಕುತೂಹಲ ಇರುವ ಕಾಲೇಜು ಹುಡುಗ ಸಾಕು. ತಾನಾಗೇ ಓಡುವ ಸ್ಕ್ಯಾನರುಗಳಿಗೆ ಇದು ಸುಲಭಕ್ಕೆ ಸಿಗೋದಿಲ್ಲ, ಯಾಕಂದ್ರೆ 8ನೇ ನಂಬರಿನ ಸಾಲ ಯಾರದ್ದು ಅಂತ ಸ್ಕ್ಯಾನರಿಗೆ ಹೇಗೆ ಗೊತ್ತಾಗಬೇಕು? ಮನುಷ್ಯರೇ ಕೂತು ನೋಡಬೇಕು. ಹೊರಗಿನ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್, ಡೇಟಾ ಸೆಂಟರಿನ ಕಾವಲು, ಎನ್‌ಕ್ರಿಪ್ಷನ್ ಅಂತ ನಾನು ಸ್ಲೈಡಿನಲ್ಲಿ ತೋರಿಸುತ್ತಿದ್ದ ಯಾವುದೂ ಇದನ್ನು ತಡೆಯುತ್ತಿರಲಿಲ್ಲ.

ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಅದನ್ನು ಕೇಳಿದ್ದಕ್ಕೆ ಈಗಲೂ ಸಮಾಧಾನ ಇದೆ. “ಈಗ ನೀನು ಮಾಡಿದ್ದನ್ನ ನಿಜವಾಗಲೂ ಯಾರಾದ್ರೂ ಮಾಡಿದ್ರೆ ನಮಗೆ ಗೊತ್ತಾಗುತ್ತಾ?” ಅವನು ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ದಾಖಲೆ, ತೆರೆದು ತೋರಿಸಿದ. ಇಷ್ಟು ಗಂಟೆಗೆ ಸ್ಟೇಟ್‌ಮೆಂಟ್ ಕೋರಿಕೆ ಬಂತು, ಕೊಟ್ಟಾಯಿತು ಅಂತ ಇತ್ತು. ಯಾರು ಯಾರ ಸಾಲ ನೋಡಿದರು ಅಂತ ಇರಲಿಲ್ಲ. ಅಂದರೆ ನಾಳೆ ಬ್ಯಾಂಕಿನವರು ಎಷ್ಟು ಜನರ ವಿವರ ಸೋರಿತು ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರವೇ ಇಲ್ಲ. ಆ ಒಂದು ಕಡೆ ಸರಿಮಾಡೋದು ಅವನಿಗೆ ಒಂದು ಗಂಟೆಯ ಕೆಲಸ. ಅಂಥದ್ದು ಬೇರೆ ಎಲ್ಲೆಲ್ಲಿದೆ ಅಂತ ಹುಡುಕಿ ಎಲ್ಲವನ್ನೂ ಸರಿಮಾಡೋಕೆ ಮೂರು ವಾರ ಬೇಕಾಯಿತು.

‘ಇಲ್ಲ’ ಅಂತ ಬರೆದದ್ದು

ಆ ಮೂರು ವಾರದಲ್ಲಿ ಹುಬ್ಬಳ್ಳಿ ಬ್ಯಾಂಕು ಕೊಟ್ಟಿದ್ದ ಇಂಥದ್ದೇ ಪ್ರಶ್ನೆಗಳ ಶೀಟನ್ನು ನಾನು ಮತ್ತೆ ಮೊದಲಿನಿಂದ ತುಂಬಿದೆ. ಈ ಸಲ ಪ್ರತಿ ಸಾಲಿಗೂ ಆ ಹುಡುಗನ ಹತ್ತಿರ ಕೂತು ಇದರ ಅರ್ಥ ಏನು, ನಮ್ಮಲ್ಲಿ ನಿಜವಾಗಿ ಏನಿದೆ ಅಂತ ಕೇಳಿ ಬರೆದೆ. ಹದಿನೇಳು ಕಡೆ ‘ಇಲ್ಲ’ ಬಂತು. ನಮ್ಮ ಬಾಸ್‌ಗೆ ಗಾಬರಿ. “ಇಷ್ಟು ಇಲ್ಲ ಅಂತ ಬರೆದ್ರೆ ಯಾರಪ್ಪ ಕೊಡ್ತಾರೆ?” ಅಂದರು. ಅವರ ಆತಂಕ ಸುಳ್ಳಲ್ಲ. ಅದೇ ವರ್ಷ ಇನ್ನೊಂದು ಕಡೆ ಹಾಗೆ ಬರೆದು ಕೊಟ್ಟು ನಾವು ಮೊದಲ ಸುತ್ತಿನಲ್ಲೇ ಹೊರಗೆ ಬಿದ್ದೆವು. ಅಲ್ಲಿ ಶೀಟನ್ನು ಓದುವವರು ಯಾರೂ ಇರಲಿಲ್ಲ, ‘ಹೌದು’ ಎಷ್ಟಿದೆ ಅಂತ ಎಣಿಸುವವರು ಇದ್ದರು. ಬೇಜಾರಾಯಿತು. ಆದರೂ ಹುಬ್ಬಳ್ಳಿಗೆ ಹದಿನೇಳು ‘ಇಲ್ಲ’ಗಳನ್ನೇ ಒಯ್ದೆ. ಪ್ರತಿಯೊಂದರ ಮುಂದೆ ಯಾವ ತಾರೀಖಿಗೆ ಆಗುತ್ತೆ, ಅಲ್ಲಿಯ ತನಕ ಅಪಾಯ ಕಡಿಮೆ ಮಾಡೋಕೆ ಏನು ಮಾಡುತ್ತೇವೆ, ಯಾರ ಹೊಣೆ ಅಂತ ಬರೆದಿದ್ದೆ. ಮತ್ತೆ ಆ್ಯಪಿನದ್ದೇ, ಅದು ಸರ್ವರ್ ಜೊತೆ ಮಾತಾಡುವ ದಾರಿಗಳಾದ ಎಪಿಐಗಳದ್ದೂ ಸೇರಿಸಿ ಮಾಡಿಸಿದ ಹೊಸ ರಿಪೋರ್ಟು. ಮೇಡಂ ಮತ್ತೆ ಮೂರನೇ ಪುಟಕ್ಕೇ ಹೋದರು. ಆಮೇಲೆ ಶೀಟು ತೆಗೆದುಕೊಂಡು ಎರಡು ತಾಸು ಕೂತರು. ನಾಲ್ಕು ‘ಇಲ್ಲ’ಗಳು ಹೌದಾಗುವ ತನಕ ಆ್ಯಪ್ ಜನರಿಗೆ ಬಿಡೋದಿಲ್ಲ ಅಂದರು, ಉಳಿದದ್ದಕ್ಕೆ ಸಮಯ ಕೊಟ್ಟರು. ಒಪ್ಪಂದಕ್ಕೆ ಸಹಿ ಬೀಳಲು ಏಳು ತಿಂಗಳಾಯಿತು.

ಈ ಕೆಲಸದಲ್ಲಿರುವ ನಮ್ಮಂಥವರು ಹ್ಯಾಕಿಂಗ್ ಕಲಿಯಬೇಕಿಲ್ಲ. ಆದರೆ ನಾವು ಮಾರುವ ವಸ್ತುವಿನಲ್ಲಿ ಒಬ್ಬರ ದುಡ್ಡು, ಇನ್ನೊಬ್ಬರ ಗುಟ್ಟು ಎಲ್ಲೆಲ್ಲಿ ಹರಿಯುತ್ತೆ, ಎಲ್ಲಿ ಸೋರಬಹುದು ಅನ್ನೋದು ಗೊತ್ತಿರಲೇಬೇಕು. ಎಂಜಿನಿಯರ್ ಬಂದು ಹೇಳಲಿ ಅಂತ ಕಾಯುವಷ್ಟು ಹೊತ್ತು ಎದುರಿಗೆ ಕೂತವರ ಮನಸ್ಸಿನಲ್ಲಿ ಅನುಮಾನ ಬೆಳೆಯುತ್ತಲೇ ಇರುತ್ತೆ. ಆ ಅನುಮಾನ ನ್ಯಾಯವಾದದ್ದು ಕೂಡ.

ಆರು ಗಂಟೆ

ನಿಯಮಗಳ ಬಗ್ಗೆ ಪಟ್ಟಿ ಮಾಡಿದರೆ ಬಹಳ ಇವೆ. ಪಾವತಿಯ ಡೇಟಾ ಭಾರತದಲ್ಲೇ ಇರಬೇಕು ಅಂತ ಆರ್‌ಬಿಐ 2018ರ ಏಪ್ರಿಲ್‌ನಲ್ಲಿ ಹೇಳಿತು. ಷೇರು ಮಾರುಕಟ್ಟೆಯವರಿಗೆ ಸೆಬಿ 2024ರ ಆಗಸ್ಟ್‌ನಲ್ಲಿ ತನ್ನದೇ ಸೈಬರ್ ಚೌಕಟ್ಟು ತಂದಿತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ ದಂಡ 250 ಕೋಟಿಯ ತನಕ ಹೋಗಬಹುದು. ಇವನ್ನೆಲ್ಲ ಬಾಯಿಪಾಠ ಮಾಡಿ ಸ್ಲೈಡಿಗೆ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಒಂದೇ ಒಂದು. ಗಡಿಯಾರ ಯಾವಾಗ ಶುರುವಾಗುತ್ತೆ ಅನ್ನೋದು.

2022ರ ಏಪ್ರಿಲ್ 28ರಂದು ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿತು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಮಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಅಂತ. ಮರುವರ್ಷ ಏಪ್ರಿಲ್ 10ರಂದು ಐಟಿ ಕೆಲಸವನ್ನು ಹೊರಗಿನವರಿಗೆ ಕೊಡುವ ಬಗ್ಗೆ ಆರ್‌ಬಿಐ ನಿರ್ದೇಶನ ಬಂತು. ಅದರಲ್ಲಿ ಇದ್ದದ್ದು ಇನ್ನೂ ಗಟ್ಟಿ. ಬ್ಯಾಂಕು ಆರ್‌ಬಿಐಗೆ ಹೇಳಬೇಕಾದದ್ದು 6 ಗಂಟೆಯೊಳಗೆ. ಆದರೆ ಆ 6 ಗಂಟೆ ಎಣಿಕೆ ಆಗೋದು ಬ್ಯಾಂಕಿಗೆ ಗೊತ್ತಾದಾಗಿನಿಂದ ಅಲ್ಲ, ಸೇವೆ ಕೊಡುವ ಕಂಪನಿಗೆ ಗೊತ್ತಾದಾಗಿನಿಂದ. ಅಂದರೆ ನಮಗೆ. ಇದನ್ನು ಓದಿ ನಾನು ನಮ್ಮ ಒಪ್ಪಂದದ ನಮೂನೆ ತೆಗೆದು ನೋಡಿದೆ. ಅದರಲ್ಲಿ ‘72 ಗಂಟೆಯೊಳಗೆ ತಿಳಿಸುತ್ತೇವೆ’ ಅಂತ ಇತ್ತು. ಯಾವುದೋ ಯುರೋಪಿನ ಗ್ರಾಹಕರಿಗೆ ಅಂತ ಮಾಡಿದ ಒಪ್ಪಂದ ಅದು. 72 ಗಂಟೆ ಅಲ್ಲಿಯ ಡೇಟಾ ಕಾನೂನಿನ ಲೆಕ್ಕ. ಹೆಸರು ಬದಲಿಸಿ ಇಲ್ಲಿಯ ಬ್ಯಾಂಕುಗಳಿಗೂ ಅದನ್ನೇ ಕೊಟ್ಟಿದ್ದೆವು. ನಾವು ಒಪ್ಪಂದದ ಪ್ರಕಾರ ಸರಿಯಾಗೇ ನಡೆದುಕೊಂಡರೂ ನಮ್ಮ ಗ್ರಾಹಕರು ನಿಯಮ ಮುರಿದವರಾಗುತ್ತಿದ್ದರು. ವಕೀಲರು ಅದನ್ನು ನೋಡಿದ್ದರು, ಎಂಜಿನಿಯರುಗಳಿಗೆ ಒಪ್ಪಂದ ತೋರಿಸುವವರೇ ಇಲ್ಲ. ಎರಡೂ ಕಡೆ ಓಡಾಡುವವರು ನಾವು, ಸೇಲ್ಸಿನವರು. ನಾವು ಓದದಿದ್ದರೆ ಆ ಸಾಲು ಹಾಗೇ ಇರುತ್ತಿತ್ತು.

ಆ 6 ಗಂಟೆಯಲ್ಲಿ ಬ್ಯಾಂಕಿಗೂ ಸಮಯ ಉಳಿಯಬೇಕಲ್ಲ, 72 ಅಳಿಸಿ 2 ಅಂತ ಬರೆಯೋದು ಸುಲಭ. ಆದರೆ ಭಾನುವಾರ ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಯಾರು ಯಾರಿಗೆ ಫೋನ್ ಮಾಡುತ್ತಾರೆ? ಬ್ಯಾಂಕಿನ ಕಡೆ ಯಾರು ಎತ್ತುತ್ತಾರೆ? ನಮ್ಮ ಸರ್ವರ್ ಇಟ್ಟ ಕ್ಲೌಡ್ ಕಂಪನಿ ನಮಗೆ ಎಷ್ಟು ಹೊತ್ತಿನಲ್ಲಿ ಹೇಳುತ್ತೆ? ಇದಕ್ಕೆಲ್ಲ ಹೆಸರು, ನಂಬರ್ ಬರೆದು, ಒಂದು ರಾತ್ರಿ ನಿಜವಾಗಿ ಫೋನ್ ಮಾಡಿ ನೋಡಿದೆವು. ಮೂರು ನಂಬರ್‌ಗಳಲ್ಲಿ ಒಂದು ಕೆಲಸ ಬಿಟ್ಟುಹೋದವರದ್ದು. ಮರುವರ್ಷ, 2024ರ ಜುಲೈ ಕೊನೆಗೆ, ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿ ಮೇಲೆ ರಾನ್ಸಮ್‌ವೇರ್ ದಾಳಿ, ಅಂದರೆ ಡೇಟಾಕ್ಕೆ ಬೀಗ ಹಾಕಿ ದುಡ್ಡು ಕೇಳುವ ದಾಳಿ, ಆಯಿತು. ಬೇರೆಡೆ ಹರಡದಿರಲಿ ಅಂತ, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಅದರ ಸಂಪರ್ಕ ಕತ್ತರಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರ ಪಾವತಿಗೆ ತೊಂದರೆ ಆಯಿತು. ಸಂಪರ್ಕ ಬೇಗ ಮರಳಿತು. ಆದರೆ ಆ ದಿನ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಮುಂದೆ ಮೊಬೈಲ್ ಹಿಡಿದು ನಿಂತವರಿಗೆ ಅವರ ಬ್ಯಾಂಕಿನ ಹಿಂದೆ ಇನ್ನೊಂದು ಕಂಪನಿ ಇದೆ ಅನ್ನೋದೇ ಗೊತ್ತಿರಲಿಲ್ಲ. ಅವರು ಬೈದದ್ದು ಊರಿನ ಬ್ಯಾಂಕಿಗೆ.

ಪಟ್ಟಿ

ಹೋದ ವಾರ ಆ ಹುಡುಗಿ ಶೀಟಿನ ಒಂದು ಸಾಲು ತೋರಿಸಿ ಕೇಳಿದಳು. “ಸರ್, ನಾವು ಬಳಸಿದ ಹೊರಗಿನ ಲೈಬ್ರರಿಗಳ ಪಟ್ಟಿ ಅಂತೆ. ಇದನ್ನ ಇಟ್ಕೊಂಡು ಬ್ಯಾಂಕಿನವರು ಏನ್ ಮಾಡ್ತಾರೆ?” ಅಷ್ಟರಲ್ಲೇ ಮೀಟಿಂಗ್ ಬಂದದ್ದು. ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ, ನಾವು ನಮ್ಮ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್. ಅವಳಿಗೆ ಹೇಳಬೇಕೆಂದಿದ್ದು ಇದು.

2021ರ ಡಿಸೆಂಬರ್ 10, ಶುಕ್ರವಾರ. ಲಾಗ್‌ಫೋರ್‌ಜೆ ಅನ್ನುವ ಒಂದು ಸಣ್ಣ ಲೈಬ್ರರಿಯಲ್ಲಿ ದೊಡ್ಡ ತೂತು ಇದೆ ಅಂತ ಜಗತ್ತಿಗೆಲ್ಲ ಗೊತ್ತಾಯಿತು. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಲೆಕ್ಕವಿಲ್ಲದಷ್ಟು ಸಾಫ್ಟ್‌ವೇರ್‌ಗಳು ಲಾಗ್ ಬರೆಯೋಕೆ ಅದನ್ನೇ ಬಳಸುತ್ತವೆ. ಹೆಸರು ಹಾಕುವ ಜಾಗದಲ್ಲೋ ಹುಡುಕುವ ಜಾಗದಲ್ಲೋ ಒಂದು ವಿಶೇಷ ಸಾಲು ಬರೆದು ಕಳಿಸಿದರೆ ಸಾಕು. ಅದನ್ನು ಲಾಗ್‌ನಲ್ಲಿ ಬರೆದಿಡಲು ಹೋದ ಸರ್ವರ್, ಹೊರಗಿನ ಎಲ್ಲಿಂದಲೋ ಕೋಡ್ ತಂದು ತಾನೇ ಓಡಿಸುತ್ತಿತ್ತು. ಅಪಾಯದ ಅಂಕ ಹತ್ತಕ್ಕೆ ಹತ್ತು. ಶನಿವಾರ ಬೆಳಿಗ್ಗೆ ನನ್ನ ಮೊಬೈಲ್‌ಗೆ ಹುಬ್ಬಳ್ಳಿಯಿಂದ ಕರೆ ಬಂತು. “ಅದೇನೋ ಲಾಗ್‌ಫೋರ್‌ಜೆ ಅಂತಾರಲ್ರಿ, ನಿಮ್ಮ ಆ್ಯಪ್ ಒಳಗ ಐತೇನು?” ಎರಡು ವರ್ಷದ ಹಿಂದಿನ ಹದಿನೇಳು ‘ಇಲ್ಲ’ಗಳಲ್ಲಿ ಒಂದು ಈ ಪಟ್ಟಿಯೇ ಆಗಿತ್ತು. ಅದಕ್ಕೋಸ್ಕರವೇ ನಾವು ಅದನ್ನು ಮಾಡಿಟ್ಟಿದ್ದೆವು. ನಲವತ್ತು ನಿಮಿಷದಲ್ಲಿ ತಿರುಗಿ ಫೋನ್ ಮಾಡಿದೆ. “ಗ್ರಾಹಕರ ಆ್ಯಪಿನಲ್ಲಿ ಇಲ್ಲ ಮೇಡಂ. ನಿಮ್ಮ ಪೋರ್ಟಲ್‌ನಲ್ಲಿ ರಿಪೋರ್ಟ್ ತೆಗೆಯುವ ಭಾಗದಲ್ಲಿ ಇದೆ. ನಾವು ನೇರವಾಗಿ ಹಾಕಿದ್ದಲ್ಲ, ಇನ್ನೊಂದು ಲೈಬ್ರರಿ ಜೊತೆ ಬಂದಿದೆ. ಈಗಲೇ ಆ ಭಾಗ ನಿಲ್ಲಿಸ್ತಿದ್ದೀವಿ. ಸಂಜೆಯೊಳಗೆ ಹೊಸದು ಹಾಕ್ತೀವಿ” ಅಂದೆ. ಹಾಕಿದೆವು, ತಿಳಿಸಿದೆ. ಮೂರು ದಿನಕ್ಕೆ ಆ ಹೊಸದೂ ಪೂರ್ತಿ ಸರಿ ಇಲ್ಲ ಅಂತ ಗೊತ್ತಾಯಿತು. ಅದಾದ ಕೆಲವೇ ದಿನಕ್ಕೆ ಮತ್ತೊಂದು. ಒಂದೊಂದಕ್ಕೂ ಪ್ಯಾಚ್ ಹಾಕಿ, ಒಂದೊಂದಕ್ಕೂ ಅವರು ಕೇಳುವ ಮೊದಲೇ ಫೋನ್ ಮಾಡಿದೆ.

ಕೊನೆಯ ಸಲ ಮಾಡಿದ್ದು ಒಂದು ಭಾನುವಾರ. ಹಿಂದೆ ಕುಕ್ಕರ್ ಸೀಟಿ ಕೇಳುತ್ತಿತ್ತು. “ಹೂಂ, ಆತ್ರಿ. ಈಗ ಆ ಪಟ್ಟಿ ಹೊಸದು ತಗದು, ಲೆಟರ್‌ಹೆಡ್ ಮ್ಯಾಲೆ ತಾರೀಖು ಹಾಕಿ, ಸೈನ್ ಮಾಡಿ ಕಳಸ್ರಿ. ಇನ್‌ಸ್ಪೆಕ್ಷನ್‌ಗೆ ಬಂದವರು ಬಾಯಿ ಮಾತು ಕೇಳೂದಿಲ್ಲ. ಮತ್ತ ನಾ ಬರೇ ಮೂರನೇ ಪುಟ ಅಷ್ಟ ಓದೂದಿಲ್ಲ, ನೆನಪಿರ್ಲಿ” ಅಂದರು. ಆಫೀಸಿಗೆ ಹೋಗಿ ಪ್ರಿಂಟ್ ತೆಗೆದೆ. ಹನ್ನೊಂದು ಪುಟ ಬಂತು. ಸಹಿ ಹಾಕುವ ಮೊದಲು ಕೂತು ಹನ್ನೊಂದೂ ಪುಟ ಓದಿದೆ.